ಬಲಬಾಜಿನ ಖಾಲಿ ಜಾಗ

ಧಾರವಾಡ, ಹಾಸ್ಟೆಲ್ಲಿನಿಂದ

ಸಂಶಿಯ ಸಾವಿತ್ರೆವ್ವ ಆಯಿಯವರಿಗೆ,

ಕುಬಿಹಾಳದ ಬಾಬಾಸಾಬನ ಮೊಮ್ಮಗಳು ಜಹೀರಾ ಮಾಡುವ ಸಲಾಮು, ನಮಸ್ಕಾರ, ಎರಡೂ.

ಮೊದಲಿಗೆ, ಈ ಪತ್ರ ಬರೆಯುತ್ತಿರುವುದಕ್ಕೇ ಕ್ಷಮೆ ಇರಲಿ. ನೀವು ಹೇಳುವುದನ್ನು ಹೇಳಿ ಮುಗಿಸಿದ್ದೀರಿ. ಅದರ ಮೇಲೂ ಮತ್ತೆ ಬಂದು ಬಾಗಿಲು ಬಡಿದ ಹಾಗೆ ಇದು. ನಾನು ಐದನೇತ್ತೆಯಿಂದ ಹಾಸ್ಟೆಲ್ ಊಟ ಉಂಡಾಕಿ, ಇಂಗ್ಲಿಷ್ ಮೀಡಿಯಂ. ನನ್ನ ಕನ್ನಡ ಅರ್ಧ ಪುಸ್ತಕದ್ದು, ಅರ್ಧ ಮನೆಯದ್ದು, ನಡುವೆ ಸಂದು ಸಿಕ್ಕಲ್ಲೆಲ್ಲ ಇಂಗ್ಲಿಷ್. ತಪ್ಪು ಕಂಡರೆ ನಿಮ್ಮ ಮೊಮ್ಮಗಳು ರೋಹಿಣಿ ನಿಮಗೆ ಓದಿ ಹೇಳುವಾಗಲೇ ತಿದ್ದಿಕೊಂಡು ಓದಲಿ. ಫೋನ್ ಮಾಡಬಹುದಿತ್ತು. ಮಾಡಿದೆ ಕೂಡ. ರೋಹಿಣಿ ಎತ್ತಿಕೊಂಡು, "ಆಯಿ ಇಲ್ಲೇ ಕುಂತಾಳ, ಕೊಡ್ಲೇನು?" ಅಂದಳು. ಕಟ್ ಮಾಡಿ, ರೇಂಜ್ ಇಲ್ಲ ಅಂತ ಆಕೆಗೆ ಸುಳ್ಳು ಮೆಸೇಜ್ ಹಾಕಿದೆ. ಹಾಡಿನ ಮೇಳದಲ್ಲಿ ನಮ್ಮ ಅಜ್ಜನನ್ನೇ ಬೆವರಿಳಿಸಿದವರ ಜೊತೆ ಫೋನಿನಲ್ಲಿ ನಾನು ಏನು ಮಾತಾಡಲಿ?

ನೀವು ರೋಹಿಣಿಯ ಮೊಬೈಲ್‌ನಲ್ಲಿ ಕಳಿಸಿದ ದನಿಯನ್ನು ಎಷ್ಟು ಸಲ ಕೇಳಿದ್ದೇನೋ ಗೊತ್ತಿಲ್ಲ. "ಬಾಬಾಸಾಬನ ಮೊಮ್ಮಗಳಿಗೆ ಹೇಳ. ನನ್ನ ಪದಾ ಅಷ್ಟೂ ಅದರಾಗಿಂದ ತಗದ ಹಾಕ ಅಂತ. ಒಂದ ಸಾಲೂ ಇರಬಾರ್ದು. ಆತನ ಪದಾ ಆತನ ಕಡೆ ಇರ್ಲಿ, ನಂದು ನನ್ನ ಕಡೆ ಇರ್ಲಿ." ಅಷ್ಟೇ. ಬೈಗುಳ ಇಲ್ಲ, ಸಿಟ್ಟಿನ ದನಿಯೂ ಇಲ್ಲ. ಬೈದಿದ್ದರೆ ಚೊಲೊ ಇತ್ತು. ಅವತ್ತಿನಿಂದ ನನಗೆ ಕ್ಲಾಸಿನಲ್ಲಿ ಕೂತರೆ ಕೂರಲಾಗುತ್ತಿಲ್ಲ. ಮೆಸ್ಸಿನಲ್ಲಿ ತಟ್ಟೆ ಹಿಡಿದು ಕ್ಯೂ ನಿಂತು, ನನ್ನ ಪಾಳಿ ಬಂದಾಗ ವಾಪಸ್ ತಿರುಗುತ್ತೇನೆ. ರೂಮ್‌ಮೇಟ್ ಶ್ರೇಯಾ, "ಏನಾಗ್ಯದ ನಿನಗ, ಲವ್ವಾ?" ಅಂತ ಕೇಳಿದಳು. ಇಲ್ಲವಾ, ಇ-ಬುಕ್ ಅಂದೆ. ಆಕೆ ನಕ್ಕು ನಕ್ಕು ಮಂಚದ ಮೇಲೆ ಬಿದ್ದಳು.

ಇದು ಹೇಗೆ ಶುರುವಾಯಿತು ಅಂತ ಹೇಳಬೇಕು. ನಮ್ಮ ಕಾಲೇಜಿನಲ್ಲಿ ಕನ್ನಡ ಕಲಿಸುವ ಶೈಲಾ ಮೇಡಂ, ನಿಮ್ಮ ನಿಮ್ಮ ಊರಿನ ಹಳೇ ಪುಸ್ತಕ ಯಾವುದಾದರೂ ಕಳೆದುಹೋಗುವ ಹಂಗಿದ್ದರೆ ಅದನ್ನು ಇ-ಬುಕ್ ಮಾಡಿ, ಕಾಲೇಜಿನ ಲೈಬ್ರರಿಯಲ್ಲಿ ಹಾಕೋಣ ಅಂದರು. ಉಳಿದವರು ಗೂಗಲ್ ಮಾಡುತ್ತಿದ್ದಾಗ ನಾನು ಕೈ ಎತ್ತಿದೆ. ಜನ್ಮದಲ್ಲಿ ನಾನು ಮೊದಲು ಕೈ ಎತ್ತಿದ್ದು ಅದೇ. ಯಾಕಂದರೆ ನಮ್ಮ ಮನೆಯ ಗೋಡೆಯ ಮಾಡದಲ್ಲಿ ಆ ಪುಸ್ತಕ ಇತ್ತು. ಅದರ ರಟ್ಟಿನ ಮೇಲೆ ಎಡಕ್ಕೆ ಅಜ್ಜನ ಹೆಸರು, ಬಲಕ್ಕೆ ನಿಮ್ಮದು, ನಡುವೆ ಮೇಳದಲ್ಲಿ ಬಾರಿಸುವ ದಪ್ಪಿನ ಚಿತ್ರ. ಗಂಡು ಹೆಚ್ಚು ಅಂತ ಹಾಡುವ ಹರದೇಶಿ ಅಜ್ಜ, ಹೆಣ್ಣು ಹೆಚ್ಚು ಅಂತ ಹಾಡುವ ನಾಗೇಶಿ ನೀವು. ಪ್ರತಿ ಪುಟದಲ್ಲೂ ಹಾಗೇ: ಎಡಬಾಜು ಆತ ಕೇಳಿದ್ದು, ಬಲಬಾಜು ನೀವು ಮುಖಕ್ಕೆ ಹೊಡೆದ ಹಾಗೆ ಕೊಟ್ಟ ಉತ್ತರ. ಸಣ್ಣಾಕಿ ಇದ್ದಾಗ ನಾನು ಅದನ್ನು ಇಬ್ಬರು ಅಕ್ಕಪಕ್ಕದ ಮನೆಯವರು ಗೋಡೆ ಮೇಲಿಂದ ಜಗಳ ಆಡುವ ಪುಸ್ತಕ ಅಂತ ತಿಳಿದಿದ್ದೆ.

ಅದನ್ನು ಟೈಪ್ ಮಾಡಿ, ಅಚ್ಚಿಗೆ ಕೊಟ್ಟವರು ಅಣ್ಣಿಗೇರಿಯ ಕಾಶಿನಾಥ ಕಾಕಾ ಅಲ್ಲವೇ, ಅವರ ಮನೆಗೆ ಹೋದೆ. ಅವರ ಟೈಪಿಂಗ್ ಅಂಗಡಿ ಮುಚ್ಚಿ ಬಹಳ ವರ್ಷ ಆಯಿತಂತೆ. ಈಗ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಉಳಿದ ಪುಸ್ತಕಗಳಿಗೆ ಗೆದ್ದಲು ಹತ್ತಿತ್ತು, ಸುಟ್ಟೆ ಅಂದರು. ಆದರೆ ಒಂದು ಸಿ.ಡಿ. ಇಟ್ಟಿದ್ದರು. ಅದನ್ನು ಓದುವ ಕಂಪ್ಯೂಟರ್ ಹುಡುಕಲು ನಾನು ಅಣ್ಣಿಗೇರಿ, ಗದಗ ಎರಡೂ ತಿರುಗಿದೆ. ಕೊನೆಗೆ ತೆರೆದಾಗ ಒಳಗೆ ಕನ್ನಡವೇ ಇರಲಿಲ್ಲ. ಡಾಲರ್ ಗುರುತು, ಕೋಡು ಬಂದ ಎ, ಬಾಲ ಬಂದ ಸಿ, ಇರುವೆ ಸಾಲಿನ ಹಾಗೆ ಏನೇನೋ. ಆಗಿನ ಕಾಲದ ಅಕ್ಷರ ಬೇರೆ, ಈಗಿನ ಮೊಬೈಲ್ ಓದುವ ಅಕ್ಷರ ಬೇರೆ. ಅದನ್ನು ಬದಲಿಸಿಕೊಡುವ ಸಾಫ್ಟ್‌ವೇರ್ ಇದೆ. ಹಾಕಿದೆ. ಕನ್ನಡ ಬಂತು. ಆ ಹೊತ್ತಿನಲ್ಲಿ ಸ್ಕ್ರೀನಿನ ಮೇಲೆ ಮೊದಲು ಕಂಡ ಸಾಲು ನಿಮ್ಮದಾಗಿತ್ತು, "ಬಾರೋ ಹರದೇಶಿ, ಕುಂದರ ಕೆಳಗ" ಅಂತ. ನಾನು ನಿಜವಾಗಿಯೂ ಕುರ್ಚಿ ಎಳೆದು ಕೂತೆ.

ಆಯಿ, ಇ-ಬುಕ್ ಅಂದರೆ ಏನು ಅಂತ ನಿಮಗೆ ನಾನು ಹೇಳುವುದು ಉದ್ಧಟತನ ಆಗಬಾರದು, ಆದರೆ ಇದನ್ನು ಹೇಳದೆ ನನ್ನ ತಪ್ಪು ಅರ್ಥ ಆಗುವುದಿಲ್ಲ. ಅಚ್ಚಾದ ಪುಟ ಸುಟ್ಟ ರೊಟ್ಟಿ ಇದ್ದ ಹಾಗೆ. ಅದರ ಅಗಲ, ಅಂಚು, ಮೇಲಿನ ಕಲೆ ಎಲ್ಲ ಅವತ್ತೇ ನಿಕ್ಕಿ. ಇ-ಬುಕ್ ಅಂದರೆ ನಾದಿಟ್ಟ ಹಿಟ್ಟು. ಯಾರ ಮೊಬೈಲ್ ಎಷ್ಟಗಲವೋ, ಯಾರ ಕಣ್ಣಿಗೆ ಎಷ್ಟು ದೊಡ್ಡ ಅಕ್ಷರ ಬೇಕೋ, ಅದು ಅಲ್ಲಲ್ಲೇ ಅಷ್ಟಷ್ಟೇ ಬಡಿದುಕೊಳ್ಳುತ್ತದೆ. ಅದಕ್ಕೆ ಎಡಬಾಜು ಬಲಬಾಜು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಮೊದಲು, ಆಮೇಲೆ, ಇಷ್ಟೇ. ನಾನು ಮೊದಲ ಸಲ ಕನ್ವರ್ಟ್ ಮಾಡಿದಾಗ ಅಜ್ಜನ ಒಂದು ಸಾಲು, ನಿಮ್ಮದೊಂದು ಸಾಲು ಅಡ್ಡಡ್ಡ ಕೂಡಿಕೊಂಡು, ಹೆಣ್ಣು ಹೆಚ್ಚು ಅಂತ ಅಜ್ಜನೇ ಹಾಡಿ, ಅರ್ಧಕ್ಕೆ ನೀವು ಆತನನ್ನು ಹೊಗಳಿದ ಹಾಗೆ ಬಂತು. ಅದನ್ನು ಅಜ್ಜನಿಗೆ ಓದಿ ಹೇಳಿದೆ. "ಇಷ್ಟು ಮೊದಲ ಆಗಿದ್ರ ಇಷ್ಟ ವರ್ಷ ದನಿ ಹರಕೊಳ್ಳೂದು ತಪ್ಪತಿತ್ತಲ್ಲ" ಅಂದ. ಒಳಗಿನಿಂದ ಜುಲೇಖಾಬಿ ಅಜ್ಜಿ, "ನನ್ನ ಜೋಡಿ ಒಂದ ದಿನಾ ಹೀಂಗ ಜಗಳಾಡ್ಲಿಲ್ಲ ನೋಡ, ಎಲ್ಲಾ ಉಳಿಸಿ ಉಳಿಸಿ ಸಂಶಿಗೆ ಒಯ್ತಿದ್ದ" ಅಂದಳು.

ಕುಂತು ಕುಂತು ಎಲ್ಲ ಬೇರೆ ಮಾಡಿದೆ. ಒಂದು ಅಜ್ಜನ ಸವಾಲು, ಅದರ ಕೆಳಗೆ ನಿಮ್ಮ ಜವಾಬು. ಒಂದು ಸವಾಲು, ಒಂದು ಜವಾಬು. ಕೊನೆಗೆ ಸಾಫ್ಟ್‌ವೇರ್ ಒಂದು ಪ್ರಶ್ನೆ ಕೇಳುತ್ತದೆ: ಬೇಡದ ಖಾಲಿ ಸಾಲುಗಳನ್ನು ತೆಗೆಯಲೇ? ಹಳೇ ಫೈಲ್‌ಗಳಲ್ಲಿ ಎಂಟರ್ ಹೊಡೆದು ಹೊಡೆದು ಜಾಗ ಬಿಟ್ಟಿರುತ್ತಾರೆ, ಅದು ಕಸ, ತೆಗೆಯಬೇಕು ಅಂತ ವಿಡಿಯೋದಲ್ಲಿ ನೋಡಿದ್ದೆ. ಹೌದು ಅಂತ ಒತ್ತಿದೆ. ಪುಸ್ತಕ ಅಗದಿ ಚಂದ ಕಂಡಿತು. ಸಾಫು, ಬಿಗಿ. ನನಗೆ ನನ್ನ ಮೇಲೇ ಸ್ವಲ್ಪ ಹೆಮ್ಮೆ ಬಂತು. ನೋಡಿ ಹೇಳ್ರಿ ಅಂತ ಅಜ್ಜನ ಮಗ ಸರ್ಫರಾಜ್ ಕಾಕಾಗೆ ಕಳಿಸಿದೆ. ಆತ ನೋಡಲಿಲ್ಲ, ಓದಲಿಲ್ಲ, ಕೊನೆಯ ಪುಟದ ಫೋಟೋ ಹೊಡೆದು ನಮ್ಮ ಕಡೆಯ ಊರುಗಳ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದ. ಮೇಲೊಂದು ಸಾಲು ಬೇರೆ: "ಕಡೀ ಸವಾಲಿಗೆ ಸಂಶಿ ದಪ್ಪು ಗಪ್ಪು." ಅದರ ಕೆಳಗೆ ಯಾರ್‍ಯಾರೋ ನಗುವ ಮುಖ ಹಾಕಿದರು. ಒಬ್ಬರು, "ಅವ್ವಾರಿಗೆ ಉತ್ತರ ಮರತ ಹೋಗಿತ್ತೇನ್ರಿ" ಅಂತ ಕೇಳಿದ್ದರು. ಅದು ರೋಹಿಣಿಯ ಮೊಬೈಲಿಗೂ ಬಂತು. ಆಕೆ ನಿಮಗೆ ಓದಿ ಹೇಳಿದಳು.

ನಿಮ್ಮ ದನಿ ಬಂದಾಗ ನಾನು ತಿಳಿದದ್ದೇ ಬೇರೆ. ಪ್ರತಿ ಸಲ ಅಜ್ಜನ ಪದ ಮೇಲೆ, ನಿಮ್ಮದು ಕೆಳಗೆ ಬಂತಲ್ಲ, ಹೆಣ್ಣು ಹೆಚ್ಚು ಅಂತ ಹಾಡಿದವರನ್ನು ಕೆಳಗೆ ಕೂರಿಸಿದ್ದಕ್ಕೆ ಸಿಟ್ಟು ಅಂದುಕೊಂಡೆ. ರೋಹಿಣಿಗೆ ಫಟಾಫಟ್ ಮೆಸೇಜ್ ಹಾಕಿದೆ, ಒಂದು ಪದಕ್ಕೆ ಅವರು ಮೊದಲು, ಒಂದಕ್ಕೆ ಇವರು ಮೊದಲು ಮಾಡ್ತೀನಿ, ಸಾರಿ ಹೇಳು ಅಂತ. ಆಕೆ ಬರೆದಳು: "ಅದಲ್ಲ ಲೇ. ಕಡೀ ಪುಟ ನೋಡ. ಪುಸ್ತಕದಾಗ ಇದ್ದಂಗ ಐತೇನು?"

ಪುಸ್ತಕ ನನ್ನ ಬಳಿ ಇರಲಿಲ್ಲ, ಮನೆಯಲ್ಲಿತ್ತು. ಶನಿವಾರ ಬಸ್ ಹತ್ತಿ ಕುಬಿಹಾಳಕ್ಕೆ ಹೋದೆ. ಕುಂದಗೋಳದ ತನಕ ನಿಂತೇ ಹೋದೆ, ಸೀಟು ಇದ್ದರೂ. ಮನೆಗೆ ಹೋಗಿ ಚಪ್ಪಲಿ ಬಿಟ್ಟವಳೇ ಮಾಡದಿಂದ ಪುಸ್ತಕ ತೆಗೆದೆ. ಕೊನೆಯ ಪುಟ. ಎಡಬಾಜು ಅಜ್ಜನ ಸವಾಲು:

ಹೆಣ್ಣ ಹೆಚ್ಚಂತ ಹಾಡಿ ಕುಂತಾಕಿ, ಕೇಳ ನನ್ನದೊಂದ ಸವಾಲಾ
ಹುಟ್ಟಿದ ಮನಿ ಅಣ್ಣಂದು, ಹೊಕ್ಕ ಮನಿ ಗಂಡಂದು, ಮುಪ್ಪಿಗೆ ಮಗನ ಬಾಗಲಾ
ನಿಂದನ್ನೂ ಮನಿ ಯಾವ ಓಣ್ಯಾಗೈತಿ, ಹೇಳ ಅದರ ನೆಲಿ ಮೂಲಾ

ಬಲಬಾಜು ನಿಮ್ಮ ಹೆಸರು. ಹೆಸರಿನ ಕೆಳಗೆ ಏನೂ ಇಲ್ಲ. ಬಿಳೀ ಕಾಗದ, ಅಷ್ಟುದ್ದಕ್ಕೂ. ಆ ಬಿಳಿಯ ಒಂದು ಕಡೆ ಕಾಗದ ತೆಳ್ಳಗಾಗಿ ಹಿಂದಿನ ಅಕ್ಷರ ಮಿಣುಕುತ್ತದೆ. ಯಾಕೆ ಅಂತ ಅಜ್ಜಿ ಹೇಳಿದಳು. ಸರ್ಫರಾಜ್ ಕಾಕಾ ಹುಡುಗ ಇದ್ದಾಗ ಅಲ್ಲಿ ಗ್ಯಾಸ್ ಏಜೆನ್ಸಿ ನಂಬರ್ ಬರೆದುಕೊಂಡಿದ್ದನಂತೆ, ಖಾಲಿ ಐತಲ್ಲ ಅಂತ. ಅಜ್ಜ ಅವನ ಕಿವಿ ಹಿಂಡಿ, ಬ್ಲೇಡು ತಗೊಂಡು ಕೂತು ಅದನ್ನು ಕೆರೆದು ತೆಗೆದನಂತೆ. ನಾನು ಅದೇ ಜಾಗವನ್ನು ಒಂದು ಗುಂಡಿ ಒತ್ತಿ ತೆಗೆದಿದ್ದೆ. ಮೊಬೈಲಿನಲ್ಲಿ ಅಜ್ಜನ ಸವಾಲು ಮುಗಿದದ್ದೇ ತಡ ಮಂಗಳಾರತಿ ಪದ ಬಂದಿತ್ತು. ನಿಮ್ಮ ಹೆಸರೂ ಇರಲಿಲ್ಲ. ಕೆಳಗೆ ಏನೂ ಇಲ್ಲದ ಹೆಸರು ಅಂತ ಸಾಫ್ಟ್‌ವೇರ್ ಅದನ್ನೂ ಕಸದಲ್ಲಿ ಎತ್ತಿ ಒಗೆದಿತ್ತು.

ಅಜ್ಜ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ನಿಮ್ಮ ದನಿ ಕೇಳಿಸಿದೆ. ಮೊಬೈಲನ್ನು ಕಿವಿಗೆ ಒತ್ತಿ ಹಿಡಿದು ಎರಡು ಸಲ ಕೇಳಿದ. ಆತನ ದನಿ ಈಗ ಒಡೆದಿದೆ ಆಯಿ, ಗಟ್ಟಿಯಾಗಿ ಕರೆದರೆ ಕೆಮ್ಮು ಬರುತ್ತದೆ, ಹಾಡಂತೂ ದೂರ. "ದನಿ ಹಾಂಗ ಐತಿ ನೋಡ ಆಕಿದು" ಅಂದ ಮೊದಲು. ಆಮೇಲೆ, "ಆಕಿ ಪದಾ ತಗದ್ರ ನಂದೂ ತಗಿ. ನಾ ಏನ ಗ್ವಾಡಿಗೆ ಸವಾಲ ಹಾಕಿನೇನು?" ನಾನು, ಇಲ್ಲ ಅಜ್ಜಾ, ಅರ್ಧನಾದ್ರೂ ಉಳೀಲಿ, ಗೆದ್ದಲು ತಿಂದು ಎಲ್ಲಾ ಹೋಗೇದ ಅಂದೆ. "ಹೋಗಲಿ" ಅಂದ. ಅಷ್ಟು ಸಲೀಸಾಗಿ. ನನಗೆ ಅಳು ಬಂತು, ಸಿಟ್ಟೂ ಬಂತು. ಅಷ್ಟು ದಿನ ಕಣ್ಣು ಕಿತ್ತುಕೊಂಡು ಮಾಡಿದ್ದೇನೆ ಅಂತ ಕೂಗಿದೆ. ಆ ಜಾಗ ಯಾಕೆ ಖಾಲಿ ಬಿಟ್ಟಿದ್ದು, ಅದನ್ನಾದರೂ ಹೇಳು ಅಂದೆ.

ಆತ ಹೇಳಿದ್ದನ್ನು ಇಲ್ಲಿ ಬರೆಯಬೇಕೋ ಬಾರದೋ ಅಂತ ಎರಡು ಕಾಗದ ಹರಿದೆ. ನಿಮ್ಮ ಬಗ್ಗೆ ನನಗೆ ಗೊತ್ತಾಗಿದೆ ಅಂತ ನಿಮಗೆ ಗೊತ್ತಿಲ್ಲದಿದ್ದರೆ ಅದು ಕಳ್ಳತನ. ಅದಕ್ಕೇ ಬರೆಯುತ್ತೇನೆ.

ಅವತ್ತು ಕುಬಿಹಾಳದಲ್ಲಿ ಬೇವಿನ ಗಿಡದ ಕೆಳಗೆ ಮಧ್ಯಾಹ್ನದ ಮೇಳ ಅಂತೆ. ಆ ಸವಾಲು ಹೊಸದಲ್ಲ, ಎಲ್ಲ ಹರದೇಶಿಗಳೂ ಕೇಳುವುದೇ. ಅದರ ಉತ್ತರವೂ ಹೊಸದಲ್ಲ, ಶಿವನೇ ಜೋಳಿಗೆ ಹಿಡಿದು ಬಂದು ನಿಂತ ಬಾಗಿಲು ಯಾರದು ಅಂತ ತಿರುಗಿ ಕೇಳುವುದು. ನೀವೇ ಎಷ್ಟೋ ಮೇಳದಲ್ಲಿ ಅದನ್ನು ಹಾಡಿ ಶಿಳ್ಳೆ ಹೊಡೆಸಿಕೊಂಡವರು. ಅವತ್ತು ಹಾಡಲಿಲ್ಲ. ದಪ್ಪನ್ನು ಬೋರಲು ಹಾಕಿದಿರಿ. ಸೋತೆ ಅನ್ನುವವರು ದಪ್ಪನ್ನು ಎದುರಿನ ಮೇಳದ ಕಡೆ ಸರಿಸಬೇಕಂತೆ. ನೀವು ಸರಿಸಲಿಲ್ಲ. ನಿಮ್ಮ ಮುಂದೆಯೇ ಬೋರಲು ಇಟ್ಟು, ಅದರ ಮೇಲೆ ಕೈ ಇಟ್ಟು ಕೂತಿರಿ. ಹಿಮ್ಮೇಳದವರು ಕಾದರು. ಮಂದಿ ಮೊದಲು ನಕ್ಕರು, ಆಮೇಲೆ ಗುಸುಗುಸು ಮಾಡಿದರು, ಆಮೇಲೆ ಸುಮ್ಮನಾದರು. ಅಜ್ಜನೇ ಎದ್ದು ಮಂಗಳಾರತಿ ಹೇಳಿ ಮೇಳ ಮುಗಿಸಿದ. ಅದಾದ ಮೇಲೆ ನೀವಿಬ್ಬರೂ ಎದುರುಬದುರು ಕೂತಿಲ್ಲ.

"ಮಂದಿ ಅಂದ್ರು, ಮರತಳು ಅಂತ. ಆಕಿ ಮರೀತಾಳ? ನಾ ಮರತಿದ್ದು ಆಕಿ ನೆನಪ ಮಾಡಿ ಕೊಡ್ತಿದ್ಲು" ಅಂದ ಅಜ್ಜ. ಆಗ ಅಜ್ಜಿ ಮಾತಿಗೆ ಬಂದಳು. ಆ ವಾರವೇ ನೀವು ಗಂಡನ ಮನೆ ಬಿಟ್ಟು, ಮಗಳ ಕೈ ಹಿಡಿದು ಸಂಶಿಯ ತವರಿಗೆ ಬಂದಿದ್ದಿರಿ. ಅಣ್ಣನ ಮನೆಯವರು ನಿಮ್ಮ ಟ್ರಂಕನ್ನು ಪಡಸಾಲೆಯಲ್ಲೇ ಇಡಿಸಿದ್ದರು. ಒಳಗೆ ಒಯ್ಯುವವರಿಲ್ಲ, ಹೊರಗೆ ಇಡುವವರಿಲ್ಲ. ಊರ ಹೆಂಗಸರಿಗೆಲ್ಲ ಅದು ಗೊತ್ತಿತ್ತು. "ನೀ ಹಾಡ ಕೇಳಾಂವ. ಮಂದಿ ಮಾತ ನಿನ್ನ ಕಿವಿಗೆ ಎಂದ ಬಿದ್ದಾವು?" ಅಂತ ಅಜ್ಜಿ ಆತನಿಗೆ ಅಂದಳು. ಮೇಳ ಮುಗಿಸಿ ಮನೆಗೆ ಬಂದಮೇಲೆ ಆತನಿಗೆ ಗೊತ್ತಾಗಿದ್ದು. ಈಗಲೂ ಆ ಮಾತು ಬಂದರೆ ಆತ ಟೊಪ್ಪಿಗೆ ತೆಗೆದು, ಝಾಡಿಸಿ, ಮತ್ತೆ ಹಾಕಿಕೊಳ್ಳುತ್ತಾನೆ. ಅಷ್ಟು ನಾನು ನೋಡಿದೆ.

ಕಾಶಿನಾಥ ಕಾಕಾಗೆ ಫೋನ್ ಮಾಡಿ ಸಿಟ್ಟು ಮಾಡಿದೆ, ನೀವು ಇದನ್ನು ಮೊದಲೇ ಹೇಳಬೇಕಿತ್ತು ಅಂತ. ಅವರು, "ಯವ್ವಾ, ಯಾವ ಕಾಲದ್ದೋ ಅದು, ಮರತೇ ಹೋಗಿತ್ತು" ಅಂದರು. ಆಮೇಲೆ ತಾವೇ ನೆನಪು ಮಾಡಿಕೊಂಡು ಹೇಳಿದರು. ಪುಸ್ತಕ ಮಾಡುವಾಗ ಅವರೂ ಆ ಜಾಗದಲ್ಲಿ ಶಿವನ ಜೋಳಿಗೆಯ ಉತ್ತರ ಟೈಪ್ ಮಾಡಿಟ್ಟಿದ್ದರಂತೆ. ನೀವು ಅಂಗಡಿಗೆ ಬಂದು ಕಂಪ್ಯೂಟರ್ ಬಾಜು ಸ್ಟೂಲ್ ಹಾಕಿಕೊಂಡು ಕೂತು, ಅಳಿಸು ಅಂದಿರಿ. ಅವರು, ಖಾಲಿ ಬಿಟ್ಟರೆ ಪ್ರಿಂಟಿಂಗ್ ಮಿಸ್ಟೇಕ್ ಅಂತಾರ್‍ರಿ ಅಂದರು. "ಅನ್ಲಿ. ಆತನ ಪದಾ ಎಷ್ಟುದ್ದ ಐತೋ ಅಷ್ಟುದ್ದ ನನ್ನ ಬಾಜು ಬಿಡು. ಒಂದ ಬಟ್ಟು ಕಡಿಮಿ ಆಗಬಾರ್ದು." ಅವರು ಮೌಸ್ ಹಿಡಿದು ಎಳೆದರು, ನೀವು ಇನ್ನಾ, ಇನ್ನಾ ಅಂದಿರಿ, ಸಾಕು ಅಂದಿರಿ. "ಅಂದಮ್ಯಾಲ ಅದೂ ಆಕಿ ಬರಿಸಿದ್ದ ಪದಾನ ಅಲ್ಲೇನವಾ" ಅಂತ ಕಾಕಾ ಕೇಳಿದರು. ನಾನು ಹೌದ್ರಿ ಅಂದೆ.

ಸೋಮವಾರ ಶೈಲಾ ಮೇಡಂ ಹತ್ತಿರ ಹೋದೆ. ಅವರು ಮೈಸೂರು ಕಡೆಯವರು, ತುಂಬ ಒಳ್ಳೆಯವರು. "ಬೇರೆ ಮೇಳಗಳು ಹಾಡೋ ಉತ್ತರ ಇದೆಯಲ್ಲ ಜಹೀರಾ, ಅದನ್ನ ಅಲ್ಲಿ ಹಾಕಿ, ಕೆಳಗೊಂದು ಟಿಪ್ಪಣಿ ಕೊಟ್ಟುಬಿಡೋಣ" ಅಂದರು. ಎಷ್ಟು ಈಸಿ. ನನಗೆ ಒಂದು ಕ್ಷಣ ಎದೆ ಹಗುರಾಗಿದ್ದು ನಿಜ. ಲ್ಯಾಪ್‌ಟಾಪ್ ತೆರೆದು, ನಿಮ್ಮ ಹೆಸರು ಮತ್ತೆ ಹಾಕಿ, ಅದರ ಕೆಳಗೆ ಕರ್ಸರ್ ಇಟ್ಟೆ. ಅದು ಮಿಣುಕ್ ಮಿಣುಕ್ ಅನ್ನುತ್ತಿತ್ತು. ಏನೂ ಒತ್ತದೆ ಲ್ಯಾಪ್‌ಟಾಪ್ ಮುಚ್ಚಿದೆ. ಯಾಕೆ ಅಂತ ಹೇಳಲು ನನಗೆ ಬರೋದಿಲ್ಲ, ಆದರೂ ಪ್ರಯತ್ನ ಮಾಡುತ್ತೇನೆ.

ನನ್ನ ಬಳಿಯೂ ಒಂದು ಟ್ರಂಕಿದೆ ಆಯಿ. ನವಲಗುಂದದ ಹಾಸ್ಟೆಲ್ಲಿನಿಂದ ಅದು ನನ್ನ ಜೊತೆ ಇದೆ. ಪ್ರತಿ ವರ್ಷ ಹೊಸ ರೂಮು, ಹೊಸ ಮಂಚ, ಅದರ ಕೆಳಗೆ ಅದೇ ಟ್ರಂಕು. ಕುಬಿಹಾಳಕ್ಕೆ ಹೋದರೆ ನಾನು ಮಲಗುತ್ತಿದ್ದ ಕೋಣೆಯಲ್ಲಿ ಈಗ ಸರ್ಫರಾಜ್ ಕಾಕಾನ ಹೊಲಿಗೆ ಮಷೀನು. ಅಜ್ಜಿ ಎಷ್ಟು ಪ್ರೀತಿಯಿಂದ ಕೇಳುತ್ತಾಳೆ, "ಎರಡ ದಿನಾ ಇರ್ತೀಯಲಾ?" ಅಂತ. ಮನೆಯವರನ್ನು ಯಾರೂ ಎಷ್ಟು ದಿನ ಇರ್ತೀ ಅಂತ ಕೇಳುವುದಿಲ್ಲ, ಬಂದವರನ್ನು ಕೇಳುತ್ತಾರೆ. ನನಗೆ ಇದರಿಂದ ದುಃಖ ಅಂತೇನಿಲ್ಲ, ಯಾರೂ ನನಗೆ ಕೆಟ್ಟದು ಮಾಡಿಲ್ಲ. ಆದರೆ ಅಜ್ಜನ ಆ ಮೂರು ಸಾಲು ಓದಿದಾಗ, ನನ್ನನ್ನೇ ಎಬ್ಬಿಸಿ ನಿಲ್ಲಿಸಿ ಕೇಳಿದ ಹಾಗಾಯಿತು. ಕ್ಲಾಸಿನಲ್ಲಿ ಟೀಚರ್ ಕೇಳಿದಾಗ ಗೈಡಿನಲ್ಲಿರುವ ಉತ್ತರ ಬಾಯಿಗೆ ಬರುತ್ತದೆ. ಶಿವ ಬಂದ, ಜೋಳಿಗೆ ಹಿಡಿದ, ಫುಲ್ ಮಾರ್ಕ್ಸ್. ನೀವು ಅದನ್ನು ಹೇಳಬಹುದಿತ್ತು, ಹೇಳಿ ಗೆಲ್ಲಬಹುದಿತ್ತು. ಪಡಸಾಲೆಯಲ್ಲಿ ಟ್ರಂಕು ಇಟ್ಟುಕೊಂಡು ಅದನ್ನು ಹೇಳುವುದಿಲ್ಲ ಅಂತ ನೀವು ದಪ್ಪಿನ ಮೇಲೆ ಕೈ ಇಟ್ಟಿರಿ. ಇಷ್ಟು ತಿಳಿದಮೇಲೆ ಆ ಜಾಗದಲ್ಲಿ ನಾನು ಒಂದು ಅಕ್ಷರ ಹೇಗೆ ಒತ್ತಲಿ? ಮೇಡಂಗೆ ಆಗೋದಿಲ್ಲ ಅಂದೆ. ಅವರು, "ಹಾಗಾದರೆ ಅವರನ್ನೇ ಕೇಳು. ಇಬ್ಬರೂ ಒಪ್ಪದೆ ನಾನು ಲೈಬ್ರರಿಗೆ ಹಾಕಲ್ಲ. ಮುಂದಿನ ವಾರ ಕೊಡಬೇಕು" ಅಂದರು.

ಈಗ ನೀವು ಮಗಳ ಮನೆಯಲ್ಲಿದ್ದೀರಿ. ಅಜ್ಜನ ಸವಾಲಿನಲ್ಲಿ ಅಣ್ಣ ಇದ್ದಾನೆ, ಗಂಡ ಇದ್ದಾನೆ, ಮಗ ಇದ್ದಾನೆ, ಮಗಳ ಮನೆ ಇಲ್ಲ. ಇದನ್ನು ನಾನು ಅಜ್ಜನಿಗೆ ಹೇಳಿದಾಗ ಆತ, "ಅದನ್ನ ನೀ ಹೇಳಬ್ಯಾಡ, ಹೇಳಾಕ ಆಕಿ ಅದಾಳ" ಅಂದ. ಸರಿ, ಅದು ನನ್ನ ಬಾಯಿ ದೊಡ್ಡದಾಯಿತು. ಹೊಡೆದು ಹಾಕಬೇಕಿತ್ತು ಈ ಸಾಲನ್ನು, ಹೊಡೆದರೆ ಕಾಗದ ಗಲೀಜು ಕಾಣುತ್ತದೆ ಅಂತ ಬಿಟ್ಟೆ.

ಆ ಖಾಲಿಯನ್ನು ವಾಪಸ್ ತರಲು ನಾನು ಏನೇನು ಮಾಡಿದೆ ಅಂತ ಕೇಳಿದರೆ ನಗುತ್ತೀರಿ. ಖಾಲಿ ಸಾಲುಗಳನ್ನು ಮತ್ತೆ ಹಾಕಿದೆ. ಕೆಲವು ಮೊಬೈಲ್ ಅವನ್ನು ನುಂಗಿಬಿಡುತ್ತವೆ. ಬಿಳೀ ಕಾಗದದ ಫೋಟೋ ತೆಗೆದು ಅಂಟಿಸಿದೆ. ಕಪ್ಪು ಬಣ್ಣದಲ್ಲಿ ಓದುವವರಿಗೆ ಅದು ಸುಣ್ಣ ಬಳಿದ ಗೋಡೆಯ ಹಾಗೆ ಕಣ್ಣಿಗೆ ಹೊಡೆಯಿತು. ಶ್ರೇಯಾಗೆ ಕೊಟ್ಟು ಓದಿಸಿದರೆ, "ನೆಟ್ ಹೋತೇನಲೇ, ಲೋಡ್ ಆಗವಲ್ದು" ಅಂತ ಮೊಬೈಲ್ ಝಾಡಿಸಿದಳು. ಜವಾಬು ಬಾಕಿ ಅಂತ ಸಣ್ಣಕ್ಷರದಲ್ಲಿ ಬರೆದು ನೋಡಿದೆ. ಬರೆದ ಮೇಲೆ ಅದು ನಿಮ್ಮ ಮಾತಲ್ಲ, ನನ್ನದು. ನಿಮ್ಮ ಬಾಜಿನಲ್ಲಿ ನನಗೇನು ಕೆಲಸ? ಅಳಿಸಿದೆ.

ಕೊನೆಗೆ ಒಂದು ದಾರಿ ಸಿಕ್ಕಿದೆ, ಇದು ನಿಮಗೆ ಒಪ್ಪಿಗೆಯೋ ಅಂತ ಕೇಳಬೇಕು. ಅಜ್ಜನ ಸವಾಲು ಮುಗಿದ ಕೂಡಲೇ ಹೊಸ ಪುಟ ಆಗುತ್ತದೆ. ತಲೆಗೆ ನಿಮ್ಮ ಹೆಸರು, ಬೇರೆ ಏನೂ ಇಲ್ಲ. ಆ ಪುಟ ತಾನಾಗಿ ಸರಿಯುವುದಿಲ್ಲ, ಓದುವವರು ತಮ್ಮ ಬೆರಳಿನಿಂದಲೇ ಅದನ್ನು ದಾಟಬೇಕು. ಯಾರಾದರೂ ಅಕ್ಷರ ದೊಡ್ಡದು ಮಾಡಿಕೊಂಡರೆ ಅಜ್ಜನ ಪದ ಉದ್ದವಾಗುತ್ತದೆ, ಅದರ ಜೊತೆ ನಿಮ್ಮ ಖಾಲಿಯೂ ಅಷ್ಟೇ ಉದ್ದವಾಗುತ್ತದೆ. ಇದನ್ನು ಕೂರಿಸಲು ನನಗೆ ಎಷ್ಟು ತಲೆ ಕೆಟ್ಟಿತು ಅಂದರೆ ಇಂಟರ್ನಲ್ಸ್‌ಗೆ ಓದಿಲ್ಲ, ಅದು ಬೇರೆ ಕಥೆ. ಹಿಂದಿನ ಪುಟಗಳಲ್ಲಿ ಇಬ್ಬರೂ ಎದುರುಬದುರು ಕೂತದ್ದು ಹೋಗಿ ಒಬ್ಬರ ಹಿಂದೆ ಒಬ್ಬರು ಬಂದಿದ್ದೀರಿ, ಅದನ್ನು ಮಾತ್ರ ನನ್ನಿಂದ ತಪ್ಪಿಸಲು ಆಗಲಿಲ್ಲ. ಸರ್ಫರಾಜ್ ಕಾಕಾ ಹಾಕಿದ ಫೋಟೋವನ್ನು ಅಜ್ಜ ಆತನನ್ನು ಮುಂದೆ ನಿಲ್ಲಿಸಿಕೊಂಡು ಅಳಿಸಿ ಹಾಕಿಸಿದ್ದಾನೆ. ಕಾಕಾ ಗ್ರೂಪಿನಲ್ಲಿ ತಪ್ಪಾಯಿತು ಅಂತಲೂ ಬರೆದಿದ್ದಾನೆ, ಮುಖ ಊದಿಸಿಕೊಂಡು.

ಭಾನುವಾರ ಹೊರಡುವ ಮೊದಲು, ಪತ್ರದಲ್ಲಿ ಏನು ಬರೀಲಿ ಅಂತ ಅಜ್ಜನನ್ನು ಕೇಳಿದೆ. ಉತ್ತರ ಈಗಲಾದರೂ ಹಾಡಿ ಕಳಿಸಿ ಅಂತ ಕೇಳಲೇ, ರೋಹಿಣಿ ರೆಕಾರ್ಡ್ ಮಾಡಿ ಕಳಿಸಿದರೆ ನಾನು ಟೈಪ್ ಮಾಡುತ್ತೇನೆ ಅಂದೆ. ಆತ ಟೊಪ್ಪಿಗೆ ತೆಗೆದು, ಝಾಡಿಸಿ, ಮತ್ತೆ ಹಾಕಿಕೊಂಡ. ಬಸ್ಸು ಬರುವ ಹೊತ್ತಾಗಿತ್ತು, ನನ್ನ ಕಾಲು ನಿಲ್ಲುತ್ತಿರಲಿಲ್ಲ. ಆಮೇಲೆ ಹೇಳಿದ: "ಉತ್ತರ ಕೇಳಬ್ಯಾಡ. ಒಮ್ಮೆ ಕೇಳಿದ್ದ ಸಾಕು. ಎಷ್ಟ ಜಾಗಾ ಬೇಕು ಅಂತ ಅಷ್ಟ ಕೇಳು."

ಅದಕ್ಕೇ ಅಷ್ಟನ್ನೇ ಕೇಳುತ್ತಿದ್ದೇನೆ. ಕಾಶಿನಾಥ ಕಾಕಾಗೆ ಹೇಳಿದ ಹಾಗೆ ಅಜ್ಜನ ಪದದಷ್ಟೇ ಸಾಕೋ, ಇಷ್ಟು ವರ್ಷ ಆದಮೇಲೆ ಹೆಚ್ಚು ಬೇಕೋ. ಎರಡು ಪುಟ ಅಂದರೆ ಎರಡು. ಹತ್ತು ಅಂದರೂ ಬಿಡುತ್ತೇನೆ. ಮೊಬೈಲಿನಲ್ಲಿ ಕಾಗದದ ಖರ್ಚಿಲ್ಲ. ಅಷ್ಟಾದ ಮೇಲೂ ನಿಮ್ಮ ಪದ ತೆಗೆಯಲೇಬೇಕು ಅಂದರೆ ತೆಗೆಯುತ್ತೇನೆ, ಅಜ್ಜನದನ್ನೂ ತೆಗೆಯುತ್ತೇನೆ, ಸಿ.ಡಿ.ಯನ್ನು ಕಾಕಾಗೆ ವಾಪಸ್ ಕೊಡುತ್ತೇನೆ. ಅಳುತ್ತೇನೆ, ಆದರೆ ಹಟ ಮಾಡುವುದಿಲ್ಲ.

ಜುಲೇಖಾಬಿ ಅಜ್ಜಿ ಹೇಳಿ ಕಳಿಸಿದ್ದು: ಕುಬಿಹಾಳಕ್ಕೆ ಬಂದರೆ ನಮ್ಮ ಮನೆಗೇ ಬರಬೇಕಂತೆ, ಎಷ್ಟು ದಿನ ಇರ್ತೀರಿ ಅಂತ ಕೇಳುವುದಿಲ್ಲವಂತೆ. ನಿಮ್ಮ ದನಿಗೆ ದೇವರು ಇನ್ನೂ ಬಹಳ ಆಯುಷ್ಯ ಕೊಡಲಿ, ನಮ್ಮ ಅಜ್ಜನಿಗೆ ಅದನ್ನು ಕೇಳುವಷ್ಟಾದರೂ ಕೊಡಲಿ. ಕಾಲಿಗೆ ಬಿದ್ದು ಮುಗಿಸುತ್ತೇನೆ.

ಎಷ್ಟು ಜಾಗ ಬಿಡಲಿ ಅಂತ ರೋಹಿಣಿ ಕೈಲಿ ಬೇಗ ಉತ್ತರ ಬರೆಸಿ ಕಳಿಸಿ, ಆಯಿ.

ನಿಮ್ಮ ಜಹೀರಾ